ಉಪಗ್ರಹವೇ ಸುಳ್ಳು ಅನ್ನೋರ ಬಾಯಿಗೆ ಎರಡು ಅಲ್ಯೂಮಿನಿಯಂ ಕಡ್ಡಿ

"ಉಪಗ್ರಹ ಗಿಪಗ್ರಹ ಏನೂ ಇಲ್ಲ, ಎಲ್ಲ ಟವರ್ ಆಟ" ಅನ್ನೋರಿಗೆ ಎಷ್ಟು ಫೋಟೊ ಕಳಿಸಿದರೂ ಉತ್ತರ ಒಂದೇ: ಗ್ರಾಫಿಕ್ಸ್. ಹಾಗಾಗಿ ಫೋಟೊ ಕಳಿಸೋದು ಬಿಟ್ಟೆ. ದಿನ ಅವರೇ ಆರಿಸಲಿ. ಉಪಗ್ರಹ ಹುಟ್ಟೋ ಹೊತ್ತು, ಮುಳುಗೋ ಹೊತ್ತು ಮೊದಲೇ ಬರೆದುಕೊಟ್ಟು, ಆಮೇಲೆ ಸಿಗ್ನಲ್ ಹಿಡಿದು ಕೈಗಿಡೋದು. ಇದರಿಂದ ಒಬ್ಬನೂ ಬದಲಾಗಲ್ಲ ಅಂತ ನಕ್ಕವರೇ ಜಾಸ್ತಿ. ಹತ್ತು ಹನ್ನೆರಡು ಜನರಲ್ಲಿ ಮೂವರು ಒಪ್ಪಿದರು, ಒಬ್ಬರು ತಾವೇ ಡಾಂಗಲ್ (ಲ್ಯಾಪ್‌ಟಾಪ್‌ಗೆ ಚುಚ್ಚೋ ಪುಟ್ಟ ರೇಡಿಯೊ) ತರಿಸಿದರು. ನನಗದು ಸಾಕು.

ಅಮೆರಿಕದ ಹವಾಮಾನ ಉಪಗ್ರಹ ನೋವಾ 15, 19 ಎರಡೂ 2025ರ ಆಗಸ್ಟ್‌ನಲ್ಲಿ ಬಾಯಿ ಮುಚ್ಚಿದವು. ಈಗ ರಷ್ಯಾದ ಹವಾಮಾನ ಉಪಗ್ರಹ ಮೆಟಿಯರ್-ಎಂ 2-4 ಗತಿ, 137.9 ಮೆಗಾಹರ್ಟ್ಸ್ (ಅಲ್ಲಿಲ್ಲದಿದ್ದರೆ 137.1). ಮೆಟಿಯರ್-ಎಂ 2-3ರ ಆಂಟೆನಾ ಪೂರ್ತಿ ಬಿಚ್ಚಿಕೊಂಡಿಲ್ಲ, ನಡುವೆ ಕೈಕೊಡುತ್ತೆ, ಪಂದ್ಯಕ್ಕೆ ಅದನ್ನು ನಂಬಬೇಡಿ. ನಮ್ಮ ಆಂಟೆನಾಗೆ ಎರಡು ಅಲ್ಯೂಮಿನಿಯಂ ಕಡ್ಡಿ ಸಾಕು: ತಲಾ 53.4 ಸೆಂ.ಮೀ., ನಡುವೆ 120 ಡಿಗ್ರಿ, ನೆಲಕ್ಕೆ ಸಮನಾಗಿ ಮಲಗಿಸಿ, ‘ವಿ’ಯ ಬಾಯಿ ಉತ್ತರಕ್ಕೆ. ನಾನು ಮೊದಲು ನೆಟ್ಟಗೆ ನಿಲ್ಲಿಸಿದ್ದೆ. ಉಪಗ್ರಹ ನೆತ್ತಿಗೆ ಬಂದಾಗಲೇ ಸಿಗ್ನಲ್ ಮಾಯ.

ದುಡ್ಡು ಹೋದದ್ದು ಡಾಂಗಲ್‌ನಲ್ಲಿ. ಒಂದೂವರೆ ಸಾವಿರದ ನಕಲಿ ತಗೊಂಡೆ. ಬಿಸಿಯಾದರೆ ಅದರ ಆವರ್ತನ ಹಿಡಿದಿಡೋ ಹರಳು 20 ಪಿಪಿಎಂ (ಹತ್ತು ಲಕ್ಷಕ್ಕೆ 20) ಜಾರುತ್ತೆ, ಅಂದರೆ 2.7 ಕಿಲೋಹರ್ಟ್ಸ್. ನಾವು ತೋರಿಸಬೇಕಾದ ಡಾಪ್ಲರ್ (ಉಪಗ್ರಹ ಹತ್ತಿರ ಬರುವಾಗ ಆವರ್ತನ ಏರಿ, ದೂರ ಹೋಗುವಾಗ ಇಳಿಯೋದು) ಕೂಡ ಹೆಚ್ಚುಕಡಿಮೆ ಅಷ್ಟೇ! "ನಿಮ್ಮ ಡಬ್ಬಾನೇ ಜಾರ್ತಿದೆ" ಅಂದರು, ಸರಿಯಾಗೇ ಅಂದರು. ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಟಿಸಿಎಕ್ಸ್‌ಓ (ಬಿಸಿಗೆ ಅಷ್ಟಾಗಿ ಜಾರದ ಹರಳು) ಇರೋದು ತಂದ ಮೇಲೆ ಬಾಯಿ ಬಂತು. ಹುಟ್ಟುವಾಗ 3 ಕಿಲೋಹರ್ಟ್ಸ್ ಮೇಲೆ, ಮುಳುಗುವಾಗ ಅಷ್ಟೇ ಕೆಳಗೆ. ನೆಟ್ಟ ಟವರ್ ಹೀಗೆ ಜಾರಲ್ಲ. ಚಿತ್ರಕ್ಕಿಂತ ಆವರ್ತನ ಜಾರೋ ಈ ಗೆರೆಯೇ ಗಟ್ಟಿ ಸಾಕ್ಷಿ.

ಡಾಂಗಲ್‌ನ ಗೇನ್ (ಸಿಗ್ನಲ್ ಹಿಗ್ಗಿಸೋ ಮಟ್ಟ) ಪೂರ್ತಿ ಏರಿಸಿದರೆ ಊರಿನ ಎಫ್‌ಎಂ ಸ್ಟೇಷನ್‌ಗಳೆಲ್ಲ ನುಗ್ಗಿ ಚಿತ್ರಕ್ಕೆ ಕಪ್ಪು ಪಟ್ಟಿ ಬೀಳುತ್ತೆ. 35ರ ಆಸುಪಾಸು ಇಡಿ, ಎಲ್‌ಇಡಿ ಬಲ್ಬು ಆಫ್ ಮಾಡಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಿಸಿ. ಎಫ್‌ಎಂ ತಡೆಯೋಕೆ ನಾನು ಫಿಲ್ಟರ್ ಕೊಂಡಿಲ್ಲ, ಆಂಟೆನಾ ಕೇಬಲ್‌ಗೆ ‘ಟಿ’ ಆಕಾರದ ಜೋಡಣೆ ಹಾಕಿ ಕೇಬಲ್ ತುಂಡೊಂದನ್ನು ನೇತುಹಾಕಿದ್ದೇನೆ. ಅಳತೆ ನೀವೇ ಕತ್ತರಿಸುತ್ತಾ ಕಂಡುಕೊಳ್ಳಿ.

ರೆಕಾರ್ಡಿಂಗ್ ಕೊಡದೆ ಬರೀ ಚಿತ್ರ ಕೊಟ್ಟರೆ ಮತ್ತೆ "ಗ್ರಾಫಿಕ್ಸ್". ಸೆಕೆಂಡಿಗೆ 2.4 ಮೆಗಾ ಸ್ಯಾಂಪಲ್‌ನಲ್ಲಿ ಹನ್ನೆರಡು ನಿಮಿಷಕ್ಕೆ 3.5 ಜಿಬಿ, ಅದನ್ನು ಯಾರು ಇಳಿಸಿಕೊಳ್ತಾರೆ? 250 ಕಿಲೋಗೆ ಇಳಿಸಿದೆ, 360 ಎಂಬಿಗೆ ಮುಗೀತು. ಸಿಗ್ನಲ್‌ನಿಂದ ಚಿತ್ರ ಬಿಡಿಸೋ ಸ್ಯಾಟ್‌ಡಂಪ್ ತಂತ್ರಾಂಶಕ್ಕೆ ಹಾಕಿ ಅವರೇ ಚಿತ್ರ ತೆಗೀಲಿ.

ಖರ್ಚಿಲ್ಲದ ಇನ್ನೊಂದು ಪ್ರಯೋಗವೂ ಮಾಡಿದೆ: ಮನೆ ಮೇಲಿನ ಟಿವಿ ಡಿಶ್ ಎಷ್ಟು ಎತ್ತರಕ್ಕೆ ನೋಡುತ್ತೆ ಅಂತ ಅಳೆಯೋದು. 83 ಡಿಗ್ರಿ ಪೂರ್ವದ ಉಪಗ್ರಹಕ್ಕೆ ಬೆಂಗಳೂರಲ್ಲಿ 73 ಡಿಗ್ರಿ ಎತ್ತರ, ದೆಹಲೀಲಿ 56. ಆದರೆ ನಮ್ಮ ಡಿಶ್‌ಗಳು ಆಫ್‌ಸೆಟ್, ಅಂದರೆ ಸಿಗ್ನಲ್ ಹಿಡಿಯೋ ಮೂತಿ ತಟ್ಟೆಯ ನಡುವಿಗೆ ನೇರ ಇರಲ್ಲ. ಹಾಗಾಗಿ ತಟ್ಟೆ ನೋಡೋದು ಉಪಗ್ರಹಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಕೆಳಗೆ. ಎದುರಿನವರು ತಟ್ಟೆ ಅಳೆದು "ಸಿಕ್ಕಿಬಿದ್ದೆ" ಅಂದುಬಿಟ್ಟರು. ಅದನ್ನು ಮೊದಲೇ ಹೇಳಿರಬೇಕಿತ್ತು.

ಕೊನೆಗೆ "ಸಿಗ್ನಲ್ ವಿಮಾನದಿಂದ ಬಿಡ್ತಾರೆ" ಅನ್ನೋ ವಾದ ಬಂದೇ ಬರುತ್ತೆ. ಅದಕ್ಕೆ ಕಲಬುರಗಿ, ಮೈಸೂರು ಎರಡೂ ಕಡೆ ಒಟ್ಟಿಗೆ ರೆಕಾರ್ಡ್ ಮಾಡಿಸಿ. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶ, ನಡುವೆ 550 ಕಿ.ಮೀ. ಡಾಪ್ಲರ್ ಗೆರೆ ಸೊನ್ನೆ ದಾಟೋ (ಅಂದರೆ ಉಪಗ್ರಹ ಅತಿ ಹತ್ತಿರ ಬರೋ) ಹೊತ್ತಿನಲ್ಲಿ ವ್ಯತ್ಯಾಸ ಸುಮಾರು 80 ಸೆಕೆಂಡ್. ವಿಮಾನಕ್ಕಾದರೆ ಅಷ್ಟು ದೂರಕ್ಕೆ ನಲವತ್ತು ನಿಮಿಷ ಬೇಕು.