ಬ್ರೇಕ್ ದುರಸ್ತಿಯ ಅಂದಾಜಿಗೆ ಸಹಿ ಹಾಕುವ ಮುನ್ನ

ಕ್ಯಾಲಿಫೋರ್ನಿಯಾಕ್ಕೆ ಬಂದು ಹಳೆಯ ಕಾರು ಕೊಂಡವರಿಗೆ ಬ್ರೇಕಿನ ಕೆಟ್ಟ ಸುದ್ದಿ ಸಿಗುವುದು ಹೆಚ್ಚಾಗಿ ಎಂಜಿನ್ ಆಯಿಲ್ ಬದಲಿಸಲು ಹೋದಾಗ. ಕಾಯುತ್ತಾ ಕುಳಿತವರ ಮುಂದೆ ಹಸಿರು, ಹಳದಿ, ಕೆಂಪು ಗುರುತುಗಳ ಹಾಳೆಯೊಂದು ಬರುತ್ತದೆ. ನಾಲ್ಕೂ ಚಕ್ರಗಳ ಡಿಸ್ಕ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ), ಪ್ಯಾಡ್ (ಅದನ್ನು ಒತ್ತಿ ಚಕ್ರ ನಿಲ್ಲಿಸುವ, ಸವೆಯುವ ಪಟ್ಟಿ), ಬ್ರೇಕ್ ಆಯಿಲ್ ಎಲ್ಲ ಸೇರಿ ಸಾವಿರ ಡಾಲರ್ ದಾಟಿದ ಅಂದಾಜು. ಗಾಬರಿಯಾಗಿ ತಲೆಯಾಡಿಸಬೇಡಿ. ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಕೇಳಿ.

ಹೊಸ ಪ್ಯಾಡ್ ಸುಮಾರು 10ರಿಂದ 12 ಮಿ.ಮೀ. ದಪ್ಪವಿರುತ್ತದೆ. 3ಕ್ಕೆ ಇಳಿದಿದ್ದರೆ ಬದಲಿಸಲೇಬೇಕು. 5 ಇದ್ದರೆ ಮುಂದಿನ ಸಲ ಮತ್ತೆ ಅಳೆಸಿದರಾಯಿತು. ಮುಂದಿನ ಚಕ್ರಗಳ ಅಳತೆ, ಹಿಂದಿನವುಗಳ ಅಳತೆ ಬೇರೆ ಬೇರೆಯಾಗಿ ಕೇಳಿ. ಎಡ ಬಲ ಜೋಡಿಯಾಗಿ ಬದಲಿಸುವುದು ಸರಿ, ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕೆಂಬ ನಿಯಮವೇನಿಲ್ಲ. ಬಿಲ್ಲಿನಲ್ಲಿ ರೋಟರ್ ಎಂದು ಕಾಣುವುದು ನಮ್ಮ ಡಿಸ್ಕೇ. ಅದರ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುತ್ತದೆ.

ಮೊಬೈಲ್ ಟಾರ್ಚ್ ಹಿಡಿದು ಚಕ್ರದ ಕಡ್ಡಿಗಳ ನಡುವೆ ನೀವೇ ಇಣುಕಬಹುದು. ಹೊಳೆಯುವ ಡಿಸ್ಕನ್ನು ಕಚ್ಚಿಕೊಂಡ ಕ್ಯಾಲಿಪರ್, ಅದರೊಳಗೆ ಉಕ್ಕಿನ ತಗಡು, ತಗಡಿಗೆ ಅಂಟಿದ ಕಪ್ಪು ಪಟ್ಟಿ, ಅದೇ ಪ್ಯಾಡ್. ಪಟ್ಟಿ ತಗಡಿಗಿಂತ ತೆಳುವಾಗಿದ್ದರೆ ತಡಮಾಡದೆ ಗ್ಯಾರೇಜಿಗೆ ಹೋಗಿ. ಒಳಬದಿಯ ಪ್ಯಾಡ್ ಹೀಗೆ ಕಾಣುವುದಿಲ್ಲ, ಅದು ಇನ್ನೂ ಹೆಚ್ಚು ಸವೆದಿರಬಹುದು.

ಮಳೆ ಬಂದ ಮರುದಿನ ಬೆಳಿಗ್ಗೆ ಕೇಳಿಸಿ, ನಾಲ್ಕಾರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಮಾಯವಾಗುವ ಕರಕರ ಡಿಸ್ಕಿನ ಮೇಲಿನ ತುಕ್ಕು, ಬಿಟ್ಟುಬಿಡಿ. ಬಿಡದೆ ಕೇಳಿಸುವ ಕೀರಲು ಸದ್ದು ಪ್ಯಾಡ್ ಸವೆದ ಸೂಚನೆಯಾಗಿರಬಹುದು. ಫ್ರೀವೇಯಲ್ಲಿ ಬ್ರೇಕ್ ಹಾಕಿದಾಗ ಪೆಡಲ್ ಅದುರಿದರೆ ಡಿಸ್ಕ್ ಏರುಪೇರಾಗಿರಬಹುದು. ಕಾರು ಒಂದು ಬದಿಗೆ ಎಳೆದು ಅದೇ ಚಕ್ರ ವಿಪರೀತ ಬಿಸಿಯಾದರೆ ಅಲ್ಲಿನ ಕ್ಯಾಲಿಪರ್ ಹಿಡಿದುಕೊಂಡಿರುವ ಅನುಮಾನ. ಲೋಹಕ್ಕೆ ಲೋಹ ಉಜ್ಜುವ ಸದ್ದು, ತಳದವರೆಗೆ ಕುಸಿಯುವ ಪೆಡಲ್, ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಬ್ರೇಕಿನ ಕೆಂಪು ದೀಪ, ಇವುಗಳಲ್ಲಿ ಯಾವುದಿದ್ದರೂ ಓಡಿಸಬೇಡಿ, ಟೋ ಮಾಡಿಸಿ. ಅಲ್ಲಿ ಉಳಿತಾಯದ ಲೆಕ್ಕ ಬೇಡ.

ಇನ್ನು ದುಡ್ಡಿನ ವಿಷಯ. ಇಲ್ಲಿನ ಕಾನೂನಿನ ಪ್ರಕಾರ ಗ್ಯಾರೇಜಿನವರು ಕೆಲಸ ಶುರುಮಾಡುವ ಮೊದಲು ಅಂದಾಜು ಕೊಡಬೇಕು. ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಮೀರಿ ಹಣ ಕೇಳುವಂತಿಲ್ಲ. ಬದಲಿಸಿದ ಹಳೆಯ ಭಾಗಗಳು ಬೇಕೆಂದರೆ ಒಪ್ಪಿಗೆ ಕೊಡುವಾಗಲೇ ಹೇಳಿ. ಹಾಗೆ ಕೇಳುವ ಗಿರಾಕಿಯ ಬಿಲ್ಲು ಸ್ವಲ್ಪ ಶಿಸ್ತಿನಿಂದಿರುತ್ತದೆ ಎಂಬುದು ನನ್ನ ಅನುಭವ. ಗ್ಯಾರೇಜಿನ ನೋಂದಣಿ ಪರಿಶೀಲಿಸಲು, ದೂರು ಕೊಡಲು ರಾಜ್ಯದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಇದೆ.

'ಯೋಚಿಸಿ ಹೇಳುತ್ತೇನೆ' ಎಂದು ಹೊರಡಲು ನಮ್ಮವರಿಗೆ ದಾಕ್ಷಿಣ್ಯ. ಪರೀಕ್ಷೆಯ ಶುಲ್ಕಕ್ಕೆ ಒಪ್ಪಿದ್ದರೆ ಅದನ್ನು ಕೊಟ್ಟು ಹೊರಡಿ. ಎರಡನೆಯ ಗ್ಯಾರೇಜಿನಲ್ಲಿ ಮೊದಲನೆಯವರ ಮೊತ್ತ ಬಾಯಿಬಿಡಬೇಡಿ. ಬಿಡಿಭಾಗದ ಬೆಲೆ, ಕೂಲಿ ಬೇರೆ ಬೇರೆ ಬರೆಸಿಕೊಳ್ಳಿ. ಬಿಡಿಭಾಗದ ಬೆಲೆಯನ್ನು ರಾಕ್‌ಆಟೋ ಜಾಲತಾಣದಲ್ಲಿ ಹೋಲಿಸಿ ನೋಡಬಹುದು. ಪ್ರಿಯಸ್‌ನಂಥ ಹೈಬ್ರಿಡ್ ಕಾರಾದರೆ ಇನ್ನಷ್ಟು ವಿಚಾರಿಸಿ: ವೇಗ ತಗ್ಗಿಸುವ ಕೆಲಸದ ಬಹುಪಾಲು ವಿದ್ಯುತ್ ಮೋಟರೇ ಮಾಡುವುದರಿಂದ ಪ್ಯಾಡ್‌ಗಳು ಬಹಳ ಕಾಲ ಬಾಳುತ್ತವೆ. ಕಾರಿನ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಾದ ವಿನ್ ಅನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ಜಾಲತಾಣದಲ್ಲಿ ಹಾಕಿ ನೋಡುವುದನ್ನೂ ಮರೆಯಬೇಡಿ. ಬ್ರೇಕಿಗೆ ಸಂಬಂಧಿಸಿದ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದು) ಬಾಕಿಯಿದ್ದರೆ ಸಾಮಾನ್ಯವಾಗಿ ಡೀಲರ್ ಬಳಿ ಅಷ್ಟು ಕೆಲಸ ಉಚಿತ.