ಪಾಕೀಟು ಇಲ್ಲದೆ ಬೂತ್ ಕಟ್ಟಿದ್ದು: ನನ್ನ ಅನುಭವ

“ಪಾಕೀಟು ಕಳಿಸದ ಬೂತಿನ್ಯಾಗ ಏಜೆಂಟ್ ಕೂಡೂದಿಲ್ಲ, ಬರದಿಟ್ಕೋ.” ನಮ್ಮ ಪಕ್ಷದ ಜಿಲ್ಲೆಯ ಹಿರಿಯ ಪದಾಧಿಕಾರಿಯೊಬ್ಬರು ನನಗೆ ಹೇಳಿದ ಮಾತಿದು. ಪಾಕೀಟು ಅಂದರೆ ಮತದಾನದ ಹಿಂದಿನ ರಾತ್ರಿ ಬೂತ್ ಖರ್ಚಿಗೆ ಅಂತ ಹೋಗುವ ರೊಕ್ಕ, ಏಜೆಂಟ್ ಅಂದರೆ ಮತಗಟ್ಟೆಯೊಳಗೆ ಪಕ್ಷದ ಪರವಾಗಿ ಕೂಡುವವ. ಬರೆದಿಟ್ಟುಕೊಂಡಿದ್ದೆ. 2024ರ ಮೇ 7ರಂದು ಲೋಕಸಭೆ ಮತದಾನ ಮುಗಿಯಿತು. ನಾನು ಕೈಹಾಕಿದ್ದ 60ರ ಆಸುಪಾಸು ಬೂತುಗಳ ಪೈಕಿ 50ಕ್ಕೂ ಹೆಚ್ಚು ಕಡೆಯಿಂದ 17ಸಿ ನಮೂನೆಯ (ಆ ಬೂತಿನಲ್ಲಿ ಬಿದ್ದ ಒಟ್ಟು ಮತದ ಲೆಕ್ಕ, ಮತದಾನ ಮುಗಿದ ಮೇಲೆ ಏಜೆಂಟನಿಗೆ ಕೊಡುವ ಪ್ರತಿ) ಫೋಟೊ ರಾತ್ರಿ ಊಟದೊಳಗೆ ಮೊಬೈಲಿಗೆ ಬಂದವು. ಹಿಂದಿನ ವರ್ಷದ ವಿಧಾನಸಭೆ ಚುನಾವಣೆಯಲ್ಲಿ ಇವೇ ಬೂತುಗಳಿಂದ ಸಿಕ್ಕದ್ದು ಹತ್ತೋ ಹನ್ನೆರಡೋ. ಮಧ್ಯಾಹ್ನ ಊಟಕ್ಕೆ ಎದ್ದ ಏಜೆಂಟ್ ಮತ್ತೆ ಬರುವುದಿಲ್ಲ, ಸಂಜೆಯ ಲೆಕ್ಕದ ಪ್ರತಿ ಯಾರು ತರಬೇಕು?

ಬಾದಾಮಿ ತಾಲೂಕಿನಲ್ಲಿ ಪಕ್ಷದ ಸಂಘಟನೆ ನೋಡಿಕೊಳ್ಳುವವ ನಾನು. ಯಾವ ಪಕ್ಷ ಅನ್ನುವುದು ಇಲ್ಲಿ ಬೇಡ, ಬೂತ್ ಸಮಿತಿಯ ಹಣೆಬರಹ ಎಲ್ಲ ಕಡೆ ಒಂದೇ. ನನಗೆ ಚಾರ್ಜ್ ಸಿಕ್ಕಾಗ ಫೈಲಿನಲ್ಲಿ ಪ್ರತಿ ಬೂತಿಗೂ 11 ಹೆಸರು ಇದ್ದವು. ಫೋನ್ ಹಚ್ಚಿದರೆ ಒಬ್ಬನ ನಂಬರು ಚಾಲ್ತಿಯಲ್ಲಿಲ್ಲ, ಇನ್ನೊಬ್ಬ ದುಡಿಯಲು ಗೋವಾಕ್ಕೆ ಹೋಗಿದ್ದಾನೆ, ಮೂರನೆಯವ “ನಾ ಯಾವಾಗ ನಿಮ್ಮ ಪಕ್ಷ ಸೇರೇನ್ರೀ?” ಅನ್ನುತ್ತಾನೆ. ಒಂದೂರಿನ ಬೂತ್ ಅಧ್ಯಕ್ಷರು ತೀರಿಕೊಂಡು ಎರಡು ವರ್ಷವಾಗಿತ್ತು, ಹುದ್ದೆ ಮಾತ್ರ ಅವರ ಹೆಸರಲ್ಲೇ ಇತ್ತು. ಮುಖಂಡರು ಬೀಗರು-ಬಿಜ್ಜರ ಹೆಸರು ಬರೆಸಿ ಕೈತೊಳೆದುಕೊಂಡಿದ್ದರು. ಮತದಾನದ ಹಿಂದಿನ ರಾತ್ರಿ ಬೂತ್ ಖರ್ಚು ಅಂತ ಹೋಗುತ್ತಿದ್ದ ರೊಕ್ಕ ಅವರ ಮನೆಯ ಪಡಸಾಲೆ ದಾಟುತ್ತಿರಲಿಲ್ಲ. ಬೂತಿಗೆ ಐದು ಸಾವಿರ ಹೊರಟರೆ ಏಜೆಂಟನ ಕೈಗೆ ಐನೂರು ಮುಟ್ಟಿದರೆ ಪುಣ್ಯ. ಅಂವ ಊಟಕ್ಕೆ ಎದ್ದು ಹೋದದ್ದರಲ್ಲಿ ಅವನ ತಪ್ಪೇನಿಲ್ಲ.

ನಾನು ಮಾಡಿದ್ದು ಇಷ್ಟೇ: ಮೊದಲು ಕೆಲಸ, ಆಮೇಲೆ ಹುದ್ದೆ. ಯಾರಿಗೂ ನೇಮಕ ಪತ್ರ ಕೊಡಲಿಲ್ಲ. ಮತದಾರರ ಪಟ್ಟಿಯ ಒಂದು ಭಾಗವನ್ನು, ಅಂದರೆ ಒಂದು ಬೂತಿನ ಪಟ್ಟಿಯನ್ನು, ಝೆರಾಕ್ಸ್ ಮಾಡಿಸಿ, ಆಸಕ್ತಿ ಇದ್ದವನ ಕೈಗೆ ಒಂದೇ ಒಂದು ಪುಟ ಕೊಡುವುದು. ಪುಟಕ್ಕೆ 30 ಹೆಸರು. ಸತ್ತವರು ಯಾರು, ಊರು ಬಿಟ್ಟವರು ಯಾರು, ಹೆಸರಿಲ್ಲದವರು ಯಾರು, ಹದಿನೈದು ದಿನದಲ್ಲಿ ಗುರುತು ಹಾಕಿ ತಂದರೆ ಎರಡನೇ ಪುಟ. ನಾಲ್ಕು ಪುಟ ತಂದವನ ಹೆಸರು ಬಿಎಲ್‌ಎ, ಅಂದರೆ ಮತದಾರರ ಪಟ್ಟಿಯ ಕೆಲಸಕ್ಕೆ ಪಕ್ಷ ನೇಮಿಸುವ ಬೂತ್ ಮಟ್ಟದ ಏಜೆಂಟ್, ನೇಮಕಕ್ಕೆ. ಪುಟ ತರದವ ಎಷ್ಟೇ ದೊಡ್ಡ ಮನೆತನದವನಿರಲಿ, ನಮಸ್ಕಾರ ಹೇಳಿ ಮುಂದೆ ಹೋಗುವುದು. ಇದರಿಂದ ನನ್ನ ಮೇಲೆ ದೂರು ಹೋದವು, ಜಿಲ್ಲಾ ಕಚೇರಿಗೆ ಕರೆಸಿ ಕೇಳಿದರು. ಕೇಳಲಿ ಬಿಡಿ.

ಹುಡುಗರಿಗೆ ಈ ಕೆಲಸದ ರುಚಿ ಹತ್ತಿದ್ದು ಸೊಸೆಯಂದಿರ ಹೆಸರಿನಿಂದ. ಮದುವೆಯಾಗಿ ಬಂದು ನಾಲ್ಕೈದು ವರ್ಷವಾದರೂ ಹೆಸರು ತವರಿನ ಪಟ್ಟಿಯಲ್ಲೇ ಇರುತ್ತದೆ. ವಿಳಾಸ ಬದಲಾವಣೆಯ ನಮೂನೆ 8 ತುಂಬಿಸಿ ಇಲ್ಲಿಗೆ ತಂದುಕೊಟ್ಟರೆ ಆ ಮನೆ ನಿಮ್ಮ ಹುಡುಗನನ್ನು ಮರೆಯುವುದಿಲ್ಲ. ಈ ಲೆಕ್ಕ ಗಂಡಸರಿಗೆ ಗೊತ್ತಿರುವುದಿಲ್ಲ, ಸ್ವಸಹಾಯ ಸಂಘದ ಅಕ್ಕಂದಿರಿಗೆ ಬಾಯಿಪಾಠ. ಗುಳೇದಗುಡ್ಡದ ಒಂದು ಓಣಿಯಲ್ಲಿ ಮಗ್ಗದ ಮನೆಯ ಹೆಣ್ಣುಮಗಳೊಬ್ಬಳು ಒಂದೇ ವಾರದಲ್ಲಿ ಇಂಥ 20ಕ್ಕೂ ಹೆಚ್ಚು ಹೆಸರು ಹೇಳಿದಳು. ಮಾಮೂಲಿ ಪರಿಷ್ಕರಣೆಯಲ್ಲಿ ಬಿಎಲ್‌ಎ ದಿನಕ್ಕೆ 10ಕ್ಕಿಂತ ಹೆಚ್ಚು ಅರ್ಜಿ ಕೊಡುವಂತಿಲ್ಲ. ಹಾಗಾಗಿ ಹಂಚಿಕೊಂಡು ಕೊಟ್ಟೆವು. ಪಟ್ಟಿಯಿಂದ ಹೆಸರು ತೆಗೆಸುವ ನಮೂನೆ 7 ಮಾತ್ರ ಹುಡುಗರ ಕೈಗೆ ಬಿಡಲಿಲ್ಲ. ಬದುಕಿದ್ದವರ ಹೆಸರು ತೆಗೆಸಿದ ಅಪವಾದ ಬಂದರೆ ಊರಲ್ಲಿ ಪಕ್ಷ ಹತ್ತು ವರ್ಷ ತಲೆ ಎತ್ತುವುದಿಲ್ಲ.

ಖರ್ಚಿನ ಮಾತಿಗೆ ಬರೋಣ. ಒಂದು ಬೂತಿನ ಪಟ್ಟಿ 35 ಪುಟದ ಸುತ್ತಮುತ್ತ, ಸಗಟು ಮಾಡಿಸಿದರೆ ಝೆರಾಕ್ಸ್ ಪುಟಕ್ಕೆ ಒಂದು ರೂಪಾಯಿ. ಪಟ್ಟಿ ಅಗ್ಗ, ಪೆಟ್ರೋಲು ತುಟ್ಟಿ. ಚಹಾ, ಮಿರ್ಚಿ-ಮಂಡಕ್ಕಿ, ಬೈಕಿನ ಎಣ್ಣೆ, ಮೊಬೈಲ್ ರೀಚಾರ್ಜ್ ಎಲ್ಲ ಕೂಡಿ ವರ್ಷದಲ್ಲಿ 80-90 ಸಾವಿರ ಕೈಯಿಂದ ಹೋಯಿತು. ಅರ್ಧದಷ್ಟು ಪಕ್ಷದಿಂದ ಬರಬೇಕು, ಇನ್ನೂ ಬಂದಿಲ್ಲ. ಹಳೆಯ ಪದ್ಧತಿಯಲ್ಲಿ 60 ಬೂತಿಗೆ ಒಂದೇ ರಾತ್ರಿ ಮೂರು ಲಕ್ಷ ಕರಗುತ್ತಿತ್ತು ಅನ್ನುವುದನ್ನು ನೆನಪಿಡಿ.

ನಡುವೆ ಬೇರೆ ಬೇರೆ ಕಸರತ್ತೂ ನಡೆಸಿದೆವು. ಬನಶಂಕರಿ ಜಾತ್ರೆಯಲ್ಲಿ ಸದಸ್ಯತ್ವದ ಟೇಬಲ್ ಹಾಕಿದೆವು. ನಾಟಕ ಕಂಪನಿಗಳ ಎದುರು ಮಂದಿಯೇನೋ ಮುಗಿಬಿದ್ದರು, ಸಾವಿರದ ಮೇಲೆ ನೋಂದಣಿ ಆಯಿತು. ಮನೆಗೆ ಬಂದು ನೋಡಿದರೆ ಗದಗ, ಕೊಪ್ಪಳ, ವಿಜಯಪುರದವರೇ ಬಹಳ, ನಮ್ಮ ಮತದಾರರು ನೂರೂ ಇರಲಿಲ್ಲ. ಮೊಬೈಲ್ ಸದಸ್ಯತ್ವದ ಕಥೆ ಇನ್ನೂ ಮಜಾ. ಓಟಿಪಿ ಕೇಳಿದ ಕೂಡಲೇ ಹಿರಿಯರೊಬ್ಬರು “ಬ್ಯಾಂಕಿನ ರೊಕ್ಕ ಹೊಡಿಯಾಕ ಬಂದೀರೇನು?” ಅಂತ ಬಡಿಗೆ ಹಿಡಿದರು. ಒಂದು ಬೂತಿನಲ್ಲಿ ಸದಸ್ಯರು 400, ನಮಗೆ ಬಿದ್ದ ಮತ 200ರ ಆಚೀಚೆ. ಸದಸ್ಯತ್ವದ ಲೆಕ್ಕ ಹಿಡಿದು ಕುಣಿಯುವವರಿಗೆ ಈ ಅಂಕಿ ತೋರಿಸುತ್ತೇನೆ.

ಸದಸ್ಯನಾಗಲು ರೊಕ್ಕದ ಬದಲು ದುಡಿಮೆ ಕೇಳಿದವರಲ್ಲಿ ನಾನೇ ಮೊದಲಿಗನಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲೇ ನಾಲ್ಕಾಣೆ ಚಂದಾ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕು ಅನ್ನುವ ನಿಯಮ ಒಪ್ಪಿದ್ದರು. ಅದು ಬಹಳ ದಿನ ಬಾಳಲಿಲ್ಲ, ತಿಂಗಳ ತಿಂಗಳ ನೂಲುವುದು ಹಗುರದ ಕೆಲಸವೇ? 30 ಹೆಸರು ಒಬ್ಬ ಮನುಷ್ಯನಿಗೆ ಸರಿಯಾದ ಹೊರೆ ಅಂತ ನಾನು ಅಂದುಕೊಂಡದ್ದು ಅದನ್ನು ಓದಿದ ಮೇಲೆ. ನಮ್ಮ ಜಿಲ್ಲೆಯಲ್ಲೇ ನೋಡಿ: ಚಿಕ್ಕಪಡಸಲಗಿಯಲ್ಲಿ ರೈತರನ್ನು ಕೂಡಿಸಿ ವಂತಿಗೆ ಎತ್ತಿ ಬ್ಯಾರೇಜ್ ಕಟ್ಟಿಸಿದ ಸಿದ್ದು ನ್ಯಾಮಗೌಡರು 1991ರಲ್ಲಿ ರಾಮಕೃಷ್ಣ ಹೆಗಡೆಯವರಂಥವರನ್ನೇ ಬಾಗಲಕೋಟೆಯಲ್ಲಿ ಸೋಲಿಸಿದರು. ಕಲ್ಲು-ಮಣ್ಣು ಹೊತ್ತವರು ಮತದ ಹೊತ್ತಿಗೆ ಕೂಲಿ ಕೇಳಿರಲಿಕ್ಕಿಲ್ಲ.

“30 ಹೆಸರಿನಿಂದ ಏನಾಗತೈತಿ?” ಅನ್ನುವವರಿಗೆ 2018ರ ಬಾದಾಮಿ ಫಲಿತಾಂಶ ಸಾಕು. ಸಿದ್ದರಾಮಯ್ಯನವರು ಗೆದ್ದದ್ದು 1,696 ಮತಗಳಿಂದ. ಕ್ಷೇತ್ರದ ಬೂತುಗಳಿಗೆ ಹಂಚಿದರೆ ಬೂತಿಗೆ ಏಳೆಂಟು ಮತ. ಅಷ್ಟು ಮಂದಿ ಪ್ರತಿ ಬೂತಿನಲ್ಲೂ ಗೋವಾದಲ್ಲೋ ಮಂಗಳೂರಲ್ಲೋ ಗಾರೆ ಕೆಲಸದಲ್ಲಿರುತ್ತಾರೆ. ಅವರಿಗಾಗಿ ಗಾಡಿ ಬಾಡಿಗೆ ಹಿಡಿದರೆ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿಗೆ ಸಿಕ್ಕಿಬೀಳುತ್ತೀರಿ. ನಾವು ನಂಬರು ಬರೆದಿಟ್ಟುಕೊಂಡು ಮೂರು ವಾರ ಮೊದಲೇ ಅವರ ಅವ್ವನಿಂದ ಫೋನ್ ಮಾಡಿಸಿದೆವು. ಬಸ್ ಚಾರ್ಜು ಅವರದೇ.

ಹೊಸಬನನ್ನು ಪುಟಕ್ಕೆ ಆರಿಸುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರದ ಮೇಲೆ ಅಂವ ನಿಲ್ಲುವವನೋ ಅಲ್ಲವೋ ತಿಳಿಯುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಎದುರು ಪಕ್ಷದವರೂ ಇದ್ದೀರಿ. ಏಜೆಂಟರನ್ನು ಊಟದ ಹೊತ್ತಿಗೆ ಕುರ್ಚಿ ಬಿಡದಂತೆ ಹಿಡಿದಿಟ್ಟದ್ದು ಹೇಗೆ ಅನ್ನುವುದೂ ನನ್ನ ಹತ್ತಿರವೇ ಇರಲಿ, ಅದರಲ್ಲಿ ರೊಕ್ಕ ಇಲ್ಲ ಅಂತ ಮಾತ್ರ ಹೇಳಬಲ್ಲೆ. ಮತ ಎಷ್ಟು ಹೆಚ್ಚಾಯಿತು ಅಂದರೆ ಕೆಲವು ಕಡೆ 40-50, ಕೆಲವು ಕಡೆ ಏನೂ ಇಲ್ಲ. ಅದು ಅಭ್ಯರ್ಥಿಯ ಮೇಲೂ ಇರುತ್ತದೆ, ಸಂಘಟನೆಯೊಂದರಿಂದಲೇ ಗೆಲ್ಲುತ್ತೇವೆ ಅನ್ನುವವನನ್ನು ನಾನು ನಂಬುವುದಿಲ್ಲ.

ಈಗಿನ ಚಿಂತೆ ಬೇರೆ. ಮತಗಟ್ಟೆಗೆ 1,500 ಇದ್ದ ಮತದಾರರ ಮಿತಿಯನ್ನು ಚುನಾವಣಾ ಆಯೋಗ 1,200ಕ್ಕೆ ಇಳಿಸಿದೆ. ದೊಡ್ಡ ಬೂತುಗಳು ಒಡೆದರೆ ಭಾಗ ಸಂಖ್ಯೆ, ಪುಟ ಎಲ್ಲ ಹೊಸದು, ಒಂದೇ ಓಣಿಯ ಮನೆಗಳು ಎರಡು ಪಟ್ಟಿಗೆ ಹೋಗುತ್ತವೆ. ಆಗ ಹಳೆಯ ಬಿಎಲ್‌ಎಗೆ ಯಾವ ಅರ್ಧ ಅನ್ನುವ ಜಗಳ ಕೆರೂರ ಕಡೆ ಆಗಲೇ ಶುರುವಾಗಿದೆ. ಮನೆ ನಂಬರು ನೋಡಿ ಹಂಚಬೇಡಿ, ಯಾರ ಅರ್ಜಿ ಯಾರು ತುಂಬಿಸಿದ್ದರೋ ಆ ಮನೆ ಅವರಿಗೆ ಅಂತ ಹೇಳಿದ್ದೇನೆ.