ದಬ್ಬೆ, ಪೇಪರು, ಮೈದಾ ಅಂಟು: ಮ್ಯಾಮತ್ ಬುರುಡೆ ಕಟ್ಟಿದ ಬಗೆ

ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ಆನೆ ಹೊಸದಲ್ಲ. ಮ್ಯಾಮತ್ ಹೊಸದು, ಹಿಮಯುಗದಲ್ಲಿ ಬದುಕಿ ಅಳಿದುಹೋದ ಆನೆಯ ನೆಂಟ ಅದು. 1799ರಲ್ಲಿ ಸೈಬೀರಿಯಾದ ಲೆನಾ ನದಿ ಸಮುದ್ರ ಸೇರುವಲ್ಲಿ ಸಿಕ್ಕಿದ ಮ್ಯಾಮತ್ ಇರುವುದು ಸೇಂಟ್ ಪೀಟರ್ಸ್‌ಬರ್ಗ್‌ನ ಮ್ಯೂಸಿಯಂನಲ್ಲಿ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಆಗದ ಮಾತು. ಶಾಲೆಯ ವಸ್ತುಪ್ರದರ್ಶನಕ್ಕೆ ಬುರುಡೆಯನ್ನು ನಾನೇ ಕಟ್ಟಿದೆ, ಅರ್ಧ ಗಾತ್ರದ್ದು.

ಫೋಟೊಗಳೇನೋ ಇದ್ದವು. ಆದರೆ ಉಬ್ಬು ತಗ್ಗು ಫೋಟೊದಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ, ಆನೆಗಳು ಸ್ನಾನ ಮಾಡುವಾಗ ಬರೀ ತಲೆ ನೋಡುತ್ತ ನಿಂತೆ. "ತೀರಾ ಮುಂದೆ ಬರಬೇಡಿ ಸಾರ್" ಅಂತ ಮಾವುತರು ಎರಡು ಸಲ ಕೂಗಿದರು. ಈಗ ಬದುಕಿರುವವುಗಳಲ್ಲಿ ಮ್ಯಾಮತ್‌ಗೆ ಹತ್ತಿರದ ನೆಂಟ ಏಷ್ಯಾದ ಆನೆಯೇ, ಆಫ್ರಿಕಾದ್ದಲ್ಲ. ನಮ್ಮ ಆನೆಗೆ ನೆತ್ತಿಯಲ್ಲಿ ಎರಡು ಗುಬ್ಬು, ನಡುವೆ ತಗ್ಗು. ಮ್ಯಾಮತ್‌ಗೆ ಒಂದೇ ಗುಬ್ಬು, ಎತ್ತರದ್ದು. ಅಷ್ಟು ಸರಿ ಬಂದರೆ ಅರ್ಧ ಕೆಲಸ ಮುಗಿದಂತೆ.

ಅಡಿಕೆ ದಬ್ಬೆ ಸೀಳಿ ಚೌಕಟ್ಟು ಕಟ್ಟಿದೆ. ಮೇಲೆ ಹಳೇ ಪೇಪರು, ಮೈದಾ ಅಂಟು. ನಮ್ಮ ಮಳೆಗಾಲಕ್ಕೆ ಬರೀ ಮೈದಾ ಹಾಕಿದರೆ ಬೂಸ್ಟು ಬಂದುಬಿಡುತ್ತದೆ. ತೋಟಕ್ಕೆ ತಂದಿಟ್ಟ ಮೈಲುತುತ್ತದಲ್ಲೇ ಒಂದು ಚಿಟಿಕೆ ಬೆರೆಸಿದೆ. ಅದು ವಿಷ, ಆ ಅಂಟಿಗೆ ಮಕ್ಕಳ ಕೈ ಹಾಕಿಸಬಾರದು. ಒಳಗೆ ಟೊಳ್ಳು ಬಿಟ್ಟೆ. ಆನೆಯ ಬುರುಡೆಯ ಮೂಳೆಯೂ ಗಟ್ಟಿಯಲ್ಲ, ಒಳಗೆಲ್ಲ ಗಾಳಿ ತುಂಬಿದ ಗೂಡುಗಳು. ಇಲ್ಲದಿದ್ದರೆ ಅಷ್ಟು ದೊಡ್ಡ ತಲೆ ಎತ್ತುವುದು ಹೇಗೆ?

ದಂತಕ್ಕೆ ಪಿವಿಸಿ ಪೈಪು. ಒಳಗೆ ಬಿಸಿ ಮರಳು ತುಂಬಿ ಬಗ್ಗಿಸಿದರೆ ಪೈಪು ಚಪ್ಪಟೆಯಾಗುವುದಿಲ್ಲ. ಮೊದಲು ಕೆಳಗೆ, ಹೊರಗೆ. ಆಮೇಲೆ ಮೇಲಕ್ಕೆ, ಒಳಕ್ಕೆ. ನಿಜವಾದ ದಂತದ ಸುಮಾರು ಕಾಲು ಭಾಗ ಬುರುಡೆಯೊಳಗೇ ಇರುತ್ತದೆ. ನಾನೂ ಒಳಗೆ ದಪ್ಪ ಪೈಪು ಕೂರಿಸಿ ಅದಕ್ಕೆ ದಂತ ತೂರಿಸಿದೆ. ಬಸ್ಸಿನಲ್ಲಿ ಒಯ್ಯುವಾಗ ಬಿಚ್ಚಿಟ್ಟುಕೊಳ್ಳಬಹುದು.

ಜಾಸ್ತಿ ಹೊತ್ತು ತಿಂದಿದ್ದು ದವಡೆ ಹಲ್ಲು. ರಟ್ಟಿನ ಪಟ್ಟಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿದೆ. ಒಣಗಿದಾಗ ಮಣ್ಣು ಕುಗ್ಗಿತು, ರಟ್ಟಿನ ಅಂಚುಗಳು ಗೆರೆಗೆರೆಯಾಗಿ ಎದ್ದು ನಿಂತವು. ಹಲ್ಲೂ ಹಾಗೇ ಸವೆಯುವುದು: ಗಟ್ಟಿ ಎನಾಮಲ್ ಉಳಿಯುತ್ತದೆ, ನಡುವಿನದು ಬೇಗ ತೇಯುತ್ತದೆ. ಒರಟು ಹುಲ್ಲು ಅರೆಯಲು ಅದೇ ಬೇಕು. ಉಣ್ಣೆ ಮ್ಯಾಮತ್‌ನ ಕೊನೆಯ ದವಡೆ ಹಲ್ಲಿನಲ್ಲಿ 20ಕ್ಕೂ ಹೆಚ್ಚು ಗೆರೆಗಳಿರುತ್ತವೆ. ಸುಮ್ನೆ ಬಣ್ಣದಲ್ಲಿ ಗೆರೆ ಎಳೆದರೆ ಯಾರೂ ಬೆರಳಾಡಿಸಿ ನೋಡುವುದಿಲ್ಲ, ಅಲ್ವಾ?

ಪ್ರದರ್ಶನದ ದಿನ ಎಲ್ಲರದ್ದೂ ಒಂದೇ ಪ್ರಶ್ನೆ. "ಮೇಷ್ಟ್ರೇ, ಇದಕ್ಕೆ ಒಂದೇ ಕಣ್ಣಾ?" ಹಣೆಯ ನಡುವಿನ ದೊಡ್ಡ ತೂತು ಮೂಗಿನದು, ಸೊಂಡಿಲು ಶುರುವಾಗುವುದೇ ಅಲ್ಲಿಂದ. ಕಣ್ಣಿನ ಗುಳಿಗಳು ಪಕ್ಕದಲ್ಲಿ, ಗೊತ್ತೇ ಆಗದಂತೆ ಇರುತ್ತವೆ. ಮೆಡಿಟರೇನಿಯನ್ ದ್ವೀಪಗಳ ಕುಳ್ಳ ಆನೆಗಳ ಬುರುಡೆ ಕಂಡೇ ಗ್ರೀಕರ ಒಕ್ಕಣ್ಣ ರಾಕ್ಷಸನ ಕಥೆ ಹುಟ್ಟಿರಬೇಕೆಂದು 1914ರಲ್ಲಿ ಆಸ್ಟ್ರಿಯಾದ ಪಳೆಯುಳಿಕೆ ತಜ್ಞ ಒಥೇನಿಯೊ ಆಬೆಲ್ ಊಹಿಸಿದ್ದರು. ಆ ಕಥೆ ಹೇಳಿದ ಮೇಲೆ ಆರನೇ ಕ್ಲಾಸಿನವರು ಸಾಲು ಬಿಟ್ಟು ಕದಲಲಿಲ್ಲ. ಕೊನೆಗೆ ಒಬ್ಬೊಬ್ಬರಿಗೂ ಆ ತೂತಿನೊಳಗೆ ಕೈ ಹಾಕಲು ಬಿಡಬೇಕಾಯಿತು.